ತಂದೆತಾಯಿಗಳಿಗೂ ಒಂದು ಪಾಠಶಾಲೆ ಬೇಡವೆ?

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳು)

ಬಡತನವೆಂದರೆ ಕೈಯಲ್ಲಿ ಕಾಸಿಲ್ಲದಿರುವುದು ಎಂಬುದು ಎಲ್ಲರೂ ಬಲ್ಲ ಮಾತು. ಕಾಸಿಲ್ಲದಿದ್ದರೆ ಅನ್ನವಿಲ್ಲ, ಅನ್ನವಿಲ್ಲದಿದ್ದರೆ ಬಲವಿಲ್ಲ, ಬಲವಿಲ್ಲದಿದ್ದರೆ ದುಡಿಮೆಯಿಲ್ಲ, ದುಡಿಮೆಯಿಲ್ಲದಿದ್ದರೆ ಮತ್ತೆ ಕಾಸಿಲ್ಲ. ಈ ಗಾಣದ ಸುತ್ತನ್ನು ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ಮೊದಲನೆಯ ವರ್ಷದಲ್ಲಿಯೇ ಕಪ್ಪು ಹಲಗೆಯ ಮೇಲೆ ಒಂದು ವೃತ್ತವನ್ನು ಬರೆದು ನಮಗೆ ತೋರಿಸಿದರು. ಆದರೆ ಆ ವೃತ್ತದಲ್ಲಿ ಇನ್ನೂ ಒಂದು ಕೊಂಡಿಯುಂಟೆಂದು ನನಗೆ ತೋರುತ್ತದೆ. ಬಡವನಿಗೆ ಇಲ್ಲದಿರುವುದು ಕಾಸು ಮಾತ್ರವಲ್ಲ. ತನಗೆ ಸಲ್ಲತಕ್ಕದ್ದು ಏನು, ಅದು ಎಲ್ಲಿ ದೊರೆಯುವುದು, ಯಾವ ತಾರೀಖಿನೊಳಗೆ ಯಾರನ್ನು ಕೇಳಬೇಕು, ತನ್ನ ಮಗುವಿಗೆ ಯಾವ ವಯಸ್ಸಿನಲ್ಲಿ ಏನು ಬೇಕು ಎಂಬ ತಿಳಿವಳಿಕೆಯೂ ಅವನ ಬಾಗಿಲಿಗೆ ಬಾರದು. ಉಳ್ಳವರಿಗೆ ಈ ತಿಳಿವಳಿಕೆ ಮಾತುಕತೆಯಲ್ಲಿಯೇ ದೊರೆಯುತ್ತದೆ. ಚಿಕ್ಕಪ್ಪನೊಬ್ಬ ಮಾಸ್ತರನಾಗಿರುತ್ತಾನೆ, ಸೋದರತ್ತೆಯ ಮಗಳು ದಾದಿಯಾಗಿರುತ್ತಾಳೆ, ನೆರೆಮನೆಯವರು ಕಛೇರಿಯಲ್ಲಿರುತ್ತಾರೆ. ಇಲ್ಲದವರಿಗೆ ಇದೂ ಇಲ್ಲ.

ಆದುದರಿಂದ ಬಡ ಕುಟುಂಬಗಳಿಗೆ ನೆರವು ನೀಡಬೇಕೆನ್ನುವವರು ಮಕ್ಕಳಿಗೆ ಪಾಠ ಹೇಳುವುದರ ಜೊತೆಗೆ ತಂದೆತಾಯಿಗಳಿಗೂ ತಿಳಿವಳಿಕೆ ಕೊಡುವ ಏರ್ಪಾಡನ್ನು ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಈ ಮಾತನ್ನು ಹೇಳಲು ನಾನು ಪಂಡಿತಳೂ ಅಲ್ಲ, ಸಮಾಜ ಸೇವಕಿಯೂ ಅಲ್ಲ. ನನಗಿರುವ ಅರ್ಹತೆ ಒಂದೇ. ಓದುಬರಹ ಅರಿಯದ ತಂದೆತಾಯಿಗಳ ಮಗಳಾಗಿ ಹುಟ್ಟಿ, ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲಿ ನಾನು ಮೊದಲನೆಯವಳು. ನಮ್ಮ ಕಾಲೇಜಿನಲ್ಲಿ ನನ್ನಂತಹವರು ಅನೇಕರಿರುವುದರಿಂದ, ನನ್ನ ಮಾತು ಅವರ ಮಾತೂ ಆಗಬಹುದೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ನಮ್ಮೂರು ಚಳ್ಳಕೆರೆಯ ಸೀಮೆಯಲ್ಲಿರುವ ಒಂದು ಸಣ್ಣ ಹಳ್ಳಿ. ಮಳೆ ಬಂದರೆ ಶೇಂಗಾ, ಬಾರದಿದ್ದರೆ ಗುಳೆ. ನಮ್ಮ ತಂದೆಯವರು ಮಾರುಕಟ್ಟೆಯ ಅಂಗಳದಲ್ಲಿ ಮೂಟೆ ಹೊರುವ ಹಮಾಲರು. ಅವ್ವ ಶೇಂಗಾ ಕೀಳುವುದಕ್ಕೂ ಈರುಳ್ಳಿ ಕೊಯ್ಯುವುದಕ್ಕೂ ಕೂಲಿಗೆ ಹೋಗುವವಳು. ನನಗಿಂತ ಐದು ವರ್ಷ ಹಿರಿಯಳಾದ ಅಕ್ಕನೊಬ್ಬಳು, ಮೂರು ವರ್ಷ ಕಿರಿಯನಾದ ತಮ್ಮನೊಬ್ಬನು ನನಗಿರುವರು. ನಮ್ಮ ಮೂವರಲ್ಲಿ ಓದಿನಲ್ಲಿ ಮುಂದಿದ್ದವಳು ಅಕ್ಕ. ಮಗ್ಗಿಯನ್ನು ಹಿಂದುಮುಂದಾಗಿ ಒಪ್ಪಿಸುತ್ತಿದ್ದಳು. ಅವಳ ಬರವಣಿಗೆಯನ್ನು ಮೇಷ್ಟ್ರು ಬೇರೆ ಮಕ್ಕಳಿಗೆ ತೋರಿಸುತ್ತಿದ್ದರು. 2013ರಲ್ಲಿ ಅವಳ ಏಳನೆಯ ತರಗತಿ ಮುಗಿಯಿತು. ಪ್ರೌಢಶಾಲೆ ಏಳು ಕಿಲೋಮೀಟರು ದೂರದ ಹೋಬಳಿ ಊರಿನಲ್ಲಿದ್ದಿತು. ಬಸ್ಸು ದಿನಕ್ಕೆ ಎರಡು ಸಲ ಮಾತ್ರ. ಅದರ ವೇಳೆಗೂ ಶಾಲೆಯ ವೇಳೆಗೂ ಹೊಂದಿಕೆಯಿರಲಿಲ್ಲ. ವಯಸ್ಸಿಗೆ ಬಂದ ಹುಡುಗಿಯನ್ನು ಒಂಟಿಯಾಗಿ ಕಳುಹಿಸುವುದು ಹೇಗೆ ಎಂದು ಮನೆಯಲ್ಲಿ ಯೋಚಿಸಿದರು. ಯೋಚನೆ ಎರಡು ದಿನ ನಡೆದಿರಬಹುದು. ಮೂರನೆಯ ದಿನ ಅಕ್ಕ ಅವ್ವನ ಜೊತೆಯಲ್ಲಿ ಹೊಲಕ್ಕೆ ಹೋದಳು. ಹದಿನೆಂಟು ತುಂಬುವುದಕ್ಕೆ ಮೊದಲೇ ಅವಳ ಮದುವೆಯೂ ಆಯಿತು.

ಇದರಲ್ಲಿ ಹೊಸದೇನಿದೆ, ಇಂತಹುದು ಎಷ್ಟೋ ಮನೆಗಳಲ್ಲಿ ನಡೆದಿದೆ ಎಂದು ನೀವು ಹೇಳಬಹುದು. ನಿಜ. ಆದರೆ ಮುಂದಿನ ಸಂಗತಿಯನ್ನು ಕೇಳಿ. ಆ ವರ್ಷ ಅಕ್ಕ ಸರ್ಕಾರಿ ಪ್ರೌಢಶಾಲೆಯ ಎಂಟನೆಯ ತರಗತಿಗೆ ಸೇರಿದ್ದರೆ ಅವಳಿಗೆ ಒಂದು ಸೈಕಲ್ಲು ಉಚಿತವಾಗಿ ದೊರೆಯುತ್ತಿತ್ತು; ಆ ಯೋಜನೆ ನಮ್ಮ ರಾಜ್ಯದಲ್ಲಿ 2006-07ರಿಂದ ನಡೆದುಬಂದಿತ್ತು. ಅದೇ ಹೋಬಳಿ ಊರಿನಲ್ಲಿ ಹೆಣ್ಣುಮಕ್ಕಳಿಗಾಗಿ ಸರ್ಕಾರದ ವಿದ್ಯಾರ್ಥಿನಿಲಯವೂ ಇದ್ದಿತು. ಅಲ್ಲಿ ಊಟಕ್ಕೂ ವಸತಿಗೂ ಒಂದು ಕಾಸು ಕೊಡಬೇಕಾಗಿರಲಿಲ್ಲ. ಜೂನ್ ತಿಂಗಳಲ್ಲಿ ಒಂದು ಅರ್ಜಿಯನ್ನು ಬರೆದುಕೊಟ್ಟಿದ್ದರೆ ಸಾಕಾಗಿತ್ತು. ನಮ್ಮ ಮನೆಗೆ ಈ ಎರಡರಲ್ಲಿ ಒಂದೂ ತಿಳಿಯದು.

ಇದಕ್ಕಿಂತಲೂ ವಿಚಿತ್ರವಾದುದು ಇನ್ನೊಂದಿದೆ. ಆ ಕಾಲದಲ್ಲಿ ನಮ್ಮ ಅವ್ವ ಶಾಲೆಯ ಮೇಲುಸ್ತುವಾರಿ ಸಮಿತಿಯ ಸದಸ್ಯೆಯಾಗಿದ್ದಳು! ನಮ್ಮ ರಾಜ್ಯದಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಏರ್ಪಟ್ಟವು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ತಂದೆತಾಯಿಗಳೋ ಪೋಷಕರೋ ಆಗಿರಬೇಕೆಂದೂ, ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕೆಂದೂ ವಿಧಿಸಿದೆ. ಹೆಂಗಸರ ಸಂಖ್ಯೆ ತುಂಬಬೇಕಲ್ಲ, ಅವ್ವನ ಹೆಸರನ್ನು ಬರೆದುಕೊಂಡರು. ವರ್ಷಕ್ಕೆ ಎರಡು ಮೂರು ಸಲ ಹುಡುಗನೊಬ್ಬನು ನಡಾವಳಿ ಪುಸ್ತಕವನ್ನೂ ಶಾಯಿಯ ಡಬ್ಬಿಯನ್ನೂ ಹಿಡಿದು ಮನೆಗೆ ಬರುತ್ತಿದ್ದನು. ಅವ್ವ ಸೆರಗಿನಲ್ಲಿ ಕೈಯೊರೆಸಿಕೊಂಡು ಹೆಬ್ಬೆಟ್ಟು ಒತ್ತುತ್ತಿದ್ದಳು. ಏನು ಬರೆದಿದೆಯೆಂದು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೀಗೆ ಶಾಲೆಯ ಆಡಳಿತವನ್ನು ನಡೆಸಿದವಳೆಂದು ಕಾಗದದಲ್ಲಿ ದಾಖಲಾದ ಹೆಂಗಸಿಗೆ, ತನ್ನ ಸ್ವಂತ ಮಗಳಿಗೆ ಸಲ್ಲತಕ್ಕ ಸೈಕಲ್ಲಿನ ವಿಷಯವಾಗಲಿ ವಿದ್ಯಾರ್ಥಿನಿಲಯದ ವಿಷಯವಾಗಲಿ ಗೊತ್ತಿರಲಿಲ್ಲ. ನಾನು ಯಾರ ಮೇಲೂ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಆ ಶಾಲೆಯ ಮೇಷ್ಟ್ರುಗಳು ಒಳ್ಳೆಯವರೇ. ಐದು ತರಗತಿಗಳಿಗೆ ಇಬ್ಬರಿದ್ದರು. ಆದರೆ ಕಾಯಿದೆ ಬಂದರೂ ತಿಳಿವಳಿಕೆ ಬಾರದಿದ್ದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ನನಗೆ ಬೇಕಿಲ್ಲ.

ನಾನು ಅದೇ ವಿದ್ಯಾರ್ಥಿನಿಲಯಕ್ಕೆ ಸೇರಿದುದು 2018ರಲ್ಲಿ. ಅದು ನಮಗೆ ತಿಳಿದುದಾದರೂ ಹೇಗೆ? ಈರುಳ್ಳಿ ಕೊಯ್ಯುವ ಹೊಲದಲ್ಲಿ ಅವ್ವನ ಪಕ್ಕದ ಸಾಲಿನಲ್ಲಿ ಕುಳಿತಿದ್ದ ಬೇರೆ ಊರಿನ ಹೆಂಗಸೊಬ್ಬಳು, ತನ್ನ ಮಗಳು ಅಲ್ಲಿದ್ದು ಓದುತ್ತಿರುವಳೆಂದು ಮಾತಿಗೆ ಮಾತು ಬಂದು ಹೇಳಿದಳು. ಆ ಹೆಂಗಸು ಅಂದು ಬೇರೊಂದು ಸಾಲಿನಲ್ಲಿ ಕುಳಿತಿದ್ದರೆ ಈ ಲೇಖನವನ್ನು ಬರೆಯಲು ನಾನು ಇಲ್ಲಿರುತ್ತಿರಲಿಲ್ಲ. ನನ್ನನ್ನು ಸೇರಿಸಲು ಬಂದ ದಿನ ಅವ್ವ ಮೇಲ್ವಿಚಾರಕಿಯವರನ್ನು, "ಇದು ಐದಾರು ವರ್ಸದ ಹಿಂದೂ ಇತ್ತೇನಮ್ಮಾ?" ಎಂದು ಕೇಳಿದಳು. "ಇತ್ತಲ್ಲಮ್ಮಾ, ಬಹಳ ವರ್ಷದಿಂದ ಇದೆ" ಎಂದರು ಅವರು. ಅವ್ವ ಮತ್ತೇನೂ ಮಾತನಾಡಲಿಲ್ಲ. ಬಸ್ಸು ಕಾಯುವ ಕಟ್ಟೆಯ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, "ಗೊತ್ತಿದ್ದಿದ್ರೆ ಕಳಿಸ್ತಿರ್ಲಿಲ್ವೇನೆ? ಅವಳೇನು ನನಗೆ ಬ್ಯಾಡಾದೋಳಾ?" ಎಂದಳು. ಬಡವರಿಗೆ ಮಕ್ಕಳ ವಿದ್ಯೆಯ ಮೇಲೆ ಆಸೆಯಿಲ್ಲ ಎಂದು ಭಾಷಣಗಳಲ್ಲಿ ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಆ ಕಟ್ಟೆಯ ನೆನಪಾಗುತ್ತದೆ.

ಇದಕ್ಕೆ ವಿರುದ್ಧವಾದ ನಿದರ್ಶನವೂ ನಮ್ಮ ಮನೆಯಲ್ಲಿಯೇ ಇದೆ. ತಮ್ಮನಿಗೆ ಒಂದು ವರ್ಷ ತುಂಬಿದ್ದಾಗ ವಾಂತಿ ಭೇದಿಗಳು ಹಿಡಿದವು. ಭೇದಿಯಾಗುವ ಕೂಸಿಗೆ ನೀರು ಕೊಟ್ಟರೆ ಇನ್ನೂ ಹೆಚ್ಚುವುದು ಎಂಬುದು ನಮ್ಮ ಕೇರಿಯ ಹಿರಿಯರ ನಂಬಿಕೆ, ನೀರನ್ನು ನಿಲ್ಲಿಸಿದರು. ಸಂಜೆಯ ವೇಳೆಗೆ ಕೂಸಿನ ಕಣ್ಣು ಗುಳಿಬಿದ್ದು ಅಳುವುದಕ್ಕೂ ಶಕ್ತಿಯಿಲ್ಲದಾಯಿತು. ಅಂಗನವಾಡಿಯ ಟೀಚರಮ್ಮನವರು ಆ ದಾರಿಯಲ್ಲಿ ಹೋಗುತ್ತಿದ್ದವರು ಒಳಗೆ ಬಂದು ನೋಡಿ, ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕಲಸುವುದನ್ನು ಅವ್ವನ ಕೈಯಿಂದಲೇ ಮಾಡಿಸಿದರು. ಚಮಚ ಚಮಚವಾಗಿ ರಾತ್ರಿಯೆಲ್ಲ ಕುಡಿಸಬೇಕು, ಎದೆಹಾಲನ್ನು ನಿಲ್ಲಿಸಕೂಡದು, ಬೆಳಿಗ್ಗೆ ಆಸ್ಪತ್ರೆಗೆ ತಪ್ಪದೆ ಹೋಗಬೇಕು ಎಂದು ಹೇಳಿದರು. ಆ ತಮ್ಮ ಈಗ ಪಿ.ಯು.ಸಿ. ಓದುತ್ತಿದ್ದಾನೆ. ಆ ರಾತ್ರಿ ನಮ್ಮ ಮನೆಯಲ್ಲಿ ಸಕ್ಕರೆಯಿತ್ತು, ಉಪ್ಪಿತ್ತು, ನೀರಿತ್ತು. ಇಲ್ಲದಿದ್ದುದು ಒಂದು ಮಾತು ಮಾತ್ರ.

ಈ ಒಂದು ಮಾತಿನ ಬೆಲೆಯನ್ನು ಲೋಕಕ್ಕೆ ತೋರಿಸಿಕೊಟ್ಟವರು ಬಂಗಾಳದ ವೈದ್ಯರಾದ ದಿಲೀಪ್ ಮಹಾಲನೋಬಿಸ್ ಅವರು. 1971ರ ಯುದ್ಧಕಾಲದಲ್ಲಿ ಪೂರ್ವ ಬಂಗಾಳದಿಂದ ಓಡಿಬಂದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿತು. ನರದೊಳಗೆ ಕೊಡುವ ದ್ರಾವಣ ಮುಗಿದುಹೋಗಿ, ದಾದಿಯರೂ ಸಾಲದಾದಾಗ, ಅವರು ಉಪ್ಪು ಸಕ್ಕರೆಗಳ ದ್ರಾವಣವನ್ನು ಪೀಪಾಯಿಗಳಲ್ಲಿ ತುಂಬಿಸಿಟ್ಟು, ಅದನ್ನು ಕುಡಿಸುವ ಕೆಲಸವನ್ನು ರೋಗಿಗಳ ತಾಯಂದಿರಿಗೂ ನೆಂಟರಿಗೂ ಒಪ್ಪಿಸಿದರು. ಶೇ. 30ರಷ್ಟಿದ್ದ ಸಾವು ಶೇ. 4ಕ್ಕಿಂತ ಕೆಳಕ್ಕಿಳಿಯಿತು. ಅಲ್ಲಿ ಚಮಚವನ್ನು ಹಿಡಿದವರು ವೈದ್ಯರಲ್ಲ, ಗುಡಿಸಲೂ ಇಲ್ಲದಿದ್ದ ನಿರಾಶ್ರಿತರು. ಓದುಬರಹವಿಲ್ಲದವರಿಗೆ ತಿಳಿವಳಿಕೆ ಹತ್ತದು ಎನ್ನುವವರಿಗೆ ಇದೇ ಉತ್ತರವಾಗಿದೆ.

ಇನ್ನು ಈ ವಿಷಯದಲ್ಲಿ ಸಾಮಾನ್ಯವಾಗಿ ಕೇಳಿಬರುವ ಎರಡು ಆಕ್ಷೇಪಗಳನ್ನು ವಿಚಾರಿಸೋಣ.

ಮೊದಲನೆಯ ಆಕ್ಷೇಪ ಹೀಗಿದೆ: "ಹಸಿದವನಿಗೆ ಬೇಕಾದುದು ಅನ್ನ, ಉಪದೇಶವಲ್ಲ. ತಂದೆತಾಯಿಗಳಿಗೆ ಶಿಕ್ಷಣ ಕೊಡಬೇಕೆನ್ನುವುದು, ಬಡತನಕ್ಕೆ ಬಡವರೇ ಕಾರಣರೆಂದು ಹೇಳುವ ನಯವಾದ ದಾರಿ." ಈ ಆಕ್ಷೇಪದಲ್ಲಿ ನಿಜಾಂಶವಿದೆ. ಕೂಲಿ ಸಿಕ್ಕದ ದಿನ ಮಗುವಿಗೆ ಮೊಟ್ಟೆ ಹಾಲುಗಳ ಮಹತ್ವವನ್ನು ತಾಯಿಗೆ ಬೋಧಿಸುವುದು ಕ್ರೌರ್ಯವಲ್ಲದೆ ಬೇರೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಶೇ. 65ರಷ್ಟು ಮಕ್ಕಳಿಗೆ ರಕ್ತಹೀನತೆಯುಂಟು. ಇದು ಬರಿಯ ಅಜ್ಞಾನದ ಫಲವೆಂದು ಯಾರೂ ಹೇಳಲಾರರು. ಕೂಲಿ, ಪಡಿತರ, ನೀರು, ಆಸ್ಪತ್ರೆ ಇವು ಮೊದಲು ಬರಬೇಕು. ಆದರೆ ಇವು ಬಂದ ಮೇಲೂ ತಿಳಿವಳಿಕೆ ಬೇಡವೆ? ಅಕ್ಕನ ವಿಷಯದಲ್ಲಿ ಸರ್ಕಾರ ಹಣವನ್ನು ಖರ್ಚುಮಾಡಿಯೇ ಇದ್ದಿತು. ಸೈಕಲ್ಲು ಕೊಂಡಿದ್ದರು, ವಿದ್ಯಾರ್ಥಿನಿಲಯ ಕಟ್ಟಿದ್ದರು, ಅಡುಗೆಯವರನ್ನು ನೇಮಿಸಿದ್ದರು. ಕೊನೆಯ ಏಳು ಕಿಲೋಮೀಟರಿನಷ್ಟು ದೂರ ಆ ಸುದ್ದಿ ಮಾತ್ರ ಬರಲಿಲ್ಲ. ಅನ್ನಕ್ಕೆ ಬದಲಾಗಿ ಉಪದೇಶವನ್ನು ನಾನು ಕೇಳುತ್ತಿಲ್ಲ. ಅನ್ನದ ಜೊತೆಗೆ, ಆ ಅನ್ನ ಎಲ್ಲಿದೆಯೆಂಬ ತಿಳಿವಳಿಕೆಯನ್ನೂ ಕೊಡಿ ಎಂದು ಕೇಳುತ್ತಿದ್ದೇನೆ.

ಎರಡನೆಯ ಆಕ್ಷೇಪ: "ವಯಸ್ಸಾದವರನ್ನು ತಿದ್ದುವುದು ಆಗದ ಕೆಲಸ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಇರುವ ಹಣವನ್ನೂ ಶ್ರಮವನ್ನೂ ಮಕ್ಕಳ ಮೇಲೆಯೇ ವೆಚ್ಚಮಾಡುವುದು ಲೇಸು." ಇದಕ್ಕೆ ದೂರದ ದ್ವೀಪವೊಂದರಿಂದ ಬಂದ ಉತ್ತರವಿದೆ. ಜಮೈಕಾದ ಕಿಂಗ್ಸ್ಟನ್ ನಗರದ ಬಡ ಬಡಾವಣೆಗಳಲ್ಲಿ 1986-87ರಲ್ಲಿ ಸ್ಯಾಲಿ ಗ್ರಾಂಥಮ್-ಮೆಗ್ರೆಗರ್ ಎಂಬ ವೈದ್ಯೆಯೂ ಅವರ ಸಂಗಡಿಗರೂ ಬೆಳವಣಿಗೆ ಕುಂಠಿತವಾದ 129 ಎಳೆಯ ಮಕ್ಕಳನ್ನು ಗುಂಪುಗಳಾಗಿ ವಿಂಗಡಿಸಿದರು. ಕೆಲವರಿಗೆ ಪೌಷ್ಟಿಕ ಆಹಾರ ಕೊಟ್ಟರು. ಕೆಲವರ ಮನೆಗೆ ಆರೋಗ್ಯ ಸಹಾಯಕಿಯೊಬ್ಬಳು ವಾರಕ್ಕೊಂದು ಗಂಟೆ ಹೋಗಿ, ಎಸೆಯುವ ಡಬ್ಬಿ ಚಿಂದಿಗಳಿಂದ ಮಾಡಿದ ಆಟಿಕೆಗಳನ್ನಿಟ್ಟುಕೊಂಡು ಮಗುವಿನೊಡನೆ ಆಡುವುದನ್ನೂ ಮಾತನಾಡುವುದನ್ನೂ ತಾಯಿಗೆ ಕಲಿಸಿದಳು. ಎರಡು ವರ್ಷ ಮಾತ್ರ ಹೀಗೆ ನಡೆಯಿತು. ಇಪ್ಪತ್ತು ವರ್ಷಗಳ ಮೇಲೆ ನೋಡಿದಾಗ, ತಾಯಂದಿರು ಹೀಗೆ ಕಲಿತ ಮನೆಯ ಮಕ್ಕಳ ಗಳಿಕೆ ಉಳಿದವರದಕ್ಕಿಂತ ಶೇ. 25ರಷ್ಟು ಹೆಚ್ಚಾಗಿತ್ತು. ಬರಿಯ ಆಹಾರ ಪಡೆದವರಲ್ಲಿ ಅಂತಹ ವ್ಯತ್ಯಾಸ ಉಳಿಯಲಿಲ್ಲ. ಇದು ಒಂದು ನಗರದ ಕೆಲವೇ ಮಕ್ಕಳ ಕಥೆ. ಇದನ್ನೇ ವೇದವಾಕ್ಯವೆಂದು ತಿಳಿಯಬೇಕಾಗಿಲ್ಲ. ನಮ್ಮ ದೇಶದ ಬಿಹಾರ ರಾಜಸ್ಥಾನಗಳ ಹಳ್ಳಿಗಳಲ್ಲಿ ತಾಯಂದಿರಿಗೆ ಅಕ್ಷರ ಕಲಿಸಿ, ಮನೆಯಲ್ಲಿ ಮಗುವಿನೊಡನೆ ಮಾಡುವ ಚಟುವಟಿಕೆಗಳನ್ನು ತೋರಿಸಿಕೊಟ್ಟ ಪ್ರಯೋಗವೊಂದರ ಫಲ 2017ರಲ್ಲಿ ಪ್ರಕಟವಾಯಿತು. ಅಲ್ಲಿ ಮಕ್ಕಳ ಲೆಕ್ಕದ ಜ್ಞಾನ ಹೆಚ್ಚಿತು, ಆದರೆ ಸ್ವಲ್ಪವೇ ಹೆಚ್ಚಿತು. ಅಂದಮೇಲೆ ಇದು ಮಂತ್ರದಂಡವೇನೂ ಅಲ್ಲ. ಆದರೆ ಮರವೂ ಬಗ್ಗುವುದುಂಟು ಎಂಬುದಕ್ಕೆ ಇಷ್ಟು ಸಾಕು. ಮೇಲಾಗಿ, ನಮ್ಮ ತಾಯಂದಿರನ್ನು ಬಗ್ಗಿಸಬೇಕೆಂದು ಯಾರು ಹೇಳಿದರು? ಅವರು ನೆಟ್ಟಗೆ ನಿಲ್ಲಲು ಆಸರೆ ಬೇಕೆಂದಷ್ಟೆ ನನ್ನ ಮಾತು.

ಈ ಆಲೋಚನೆ ನಮ್ಮ ನಾಡಿಗೆ ಹೊಸದೂ ಅಲ್ಲ. ಹಿಂದಿನ ಮೈಸೂರು ರಾಜ್ಯದಲ್ಲಿ ವಯಸ್ಕರ ಶಿಕ್ಷಣ ಸಮಿತಿಯು ಹೊಸದಾಗಿ ಅಕ್ಷರ ಕಲಿತವರಿಗೆಂದೇ 'ಬೆಳಕು' ಎಂಬ ಪತ್ರಿಕೆಯನ್ನು ನಡೆಸುತ್ತಿತ್ತು. ಗುಜರಾತಿನಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದುದಲ್ಲದೆ, ತಂದೆತಾಯಿಗಳಿಗಾಗಿಯೇ ಪುಸ್ತಕಗಳನ್ನು ಬರೆದರು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ, ನಮ್ಮ ರಾಜ್ಯದಲ್ಲಿ ಅದಕ್ಕೆ ಮೊದಲು ಆಯ್ಕೆಯಾದುದು ಮೈಸೂರು ಜಿಲ್ಲೆಯ ತಿ. ನರಸೀಪುರ. ಆ ಯೋಜನೆಯ ಆರು ಸೇವೆಗಳಲ್ಲಿ ಒಂದು, ತಾಯಂದಿರಿಗೂ ಇತರ ಹೆಂಗಸರಿಗೂ ಆಹಾರ ಮತ್ತು ಆರೋಗ್ಯದ ವಿಷಯವಾಗಿ ಶಿಕ್ಷಣ ಕೊಡುವುದು. ಶಿಕ್ಷಣ ಹಕ್ಕಿನ ಕಾಯಿದೆಯೂ ಮಗುವನ್ನು ಶಾಲೆಗೆ ಸೇರಿಸುವ ಕರ್ತವ್ಯವನ್ನು ತಂದೆತಾಯಿಗಳ ಮೇಲೆ ಹೊರಿಸಿ, ಅವರನ್ನು ಆಗಾಗ ಕರೆದು ಮಗುವಿನ ಹಾಜರಿ, ಕಲಿಕೆಗಳನ್ನು ತಿಳಿಸುವ ಕರ್ತವ್ಯವನ್ನು ಉಪಾಧ್ಯಾಯರ ಮೇಲೆ ಹೊರಿಸಿದೆ. ಆದುದರಿಂದ ಹೊಸ ಇಲಾಖೆ ಬೇಕಾಗಿಲ್ಲ, ಹೊಸ ಕಟ್ಟಡ ಬೇಕಾಗಿಲ್ಲ. ಕಾಗದದಲ್ಲಿರುವುದು ಕೇರಿಗೆ ಬಂದರೆ ಸಾಕು. ಆದರೆ ಅಂಗನವಾಡಿಯ ಟೀಚರಮ್ಮನವರ ಹೊತ್ತೆಲ್ಲ ತೂಕ ಹಾಕುವುದು, ಪುಸ್ತಕ ತುಂಬುವುದು, ಫೋನಿನಲ್ಲಿ ಲೆಕ್ಕ ಕಳುಹಿಸುವುದು ಇದರಲ್ಲಿಯೇ ಕಳೆದುಹೋದರೆ, ತಾಯಿಯ ಬಳಿ ಕುಳಿತು ಮಾತನಾಡಲು ಅವರಿಗೆ ಬಿಡುವೆಲ್ಲಿ?

ಹಾಗಾದರೆ ಈ ಶಿಕ್ಷಣ ಹೇಗಿರಬೇಕು? ನನ್ನ ಅಲ್ಪಮತಿಗೆ ತೋರಿದ ನಾಲ್ಕು ಮಾತುಗಳನ್ನು ಹೇಳುತ್ತೇನೆ.

ಮೊದಲನೆಯದಾಗಿ, ಅದು ಅವರ ವೇಳೆಗೆ ನಡೆಯಬೇಕು. ಪೋಷಕರ ಸಭೆಯನ್ನು ಕೆಲಸದ ದಿನ ಹನ್ನೊಂದು ಗಂಟೆಗೆ ಕರೆದು, ಬಾರದವರನ್ನು ಅಸಡ್ಡೆಯವರೆಂದು ಹಳಿಯುವುದು ನ್ಯಾಯವಲ್ಲ. ಆ ಸಭೆಗೆ ಬರುವ ತಾಯಿ ಒಂದು ದಿನದ ಕೂಲಿಯನ್ನು ಬಿಟ್ಟುಬರಬೇಕು. ಸಂಬಳದವರು ಸಭೆಗೆ ಬಂದರೆ ಸಂಬಳ ನಿಲ್ಲುವುದಿಲ್ಲ. ಅಮಾವಾಸ್ಯೆಯ ದಿನ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಹಾಕುವುದಿಲ್ಲ, ಹೊಲದ ಕೆಲಸ ಕಡಮೆ. ಅಂದು ಸಂಜೆ ಗುಡಿಯ ಮುಂದಿನ ಕಟ್ಟೆಯ ಮೇಲೆ ಸಭೆ ಸೇರಲಿ. ಆಗ ಎಷ್ಟು ಜನ ಬರುವರೆಂಬುದನ್ನು ನೋಡಿ.

ಎರಡನೆಯದಾಗಿ, ಅದು ಅವರಿಗೆ ಗೊತ್ತಿರುವುದರಿಂದ ಹೊರಡಬೇಕು. ನಮ್ಮ ತಾಯಂದಿರು ಬರಿಯ ಪಾತ್ರೆಗಳಲ್ಲ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಬೀಸಿ ಕೂಸಿಗೆ ಸರಿ ಮಾಡುವುದನ್ನು ಅವರಿಗೆ ಯಾವ ಕಾಲೇಜೂ ಕಲಿಸಲಿಲ್ಲ. ಜೋಗುಳ, ಒಗಟು, ಕಲ್ಲಾಟ, ಅಳಗುಳಿಮಣೆ ಇವೆಲ್ಲ ಮಗುವಿಗೆ ಮಾತನ್ನೂ ಎಣಿಕೆಯನ್ನೂ ಕಲಿಸುವ ಸಾಧನಗಳೇ ಅಲ್ಲವೆ? ಜಮೈಕಾದವರು ಡಬ್ಬಿ ಚಿಂದಿಗಳಿಂದ ಮಾಡಿದುದನ್ನು ನಮ್ಮ ಅಜ್ಜಿಯರು ಹುಣಿಸೆಬೀಜದಿಂದ ಮಾಡುತ್ತಿದ್ದರು. "ನಿನ್ನಲ್ಲಿ ಇರುವುದೇ ವಿದ್ಯೆ, ಅದನ್ನು ಮಗುವಿಗೆ ಕೊಡು" ಎಂದು ಮೊದಲು ಹೇಳಿ, ಆಮೇಲೆ ಭೇದಿಗೆ ನೀರು ನಿಲ್ಲಿಸುವಂತಹ ತಪ್ಪುಗಳನ್ನು ತಿದ್ದಿದರೆ ಅವರು ಕೇಳುವರು. ಮೊದಲೇ ತಪ್ಪು ಹಿಡಿದರೆ ಯಾರು ತಾನೆ ಕೇಳುವರು?

ಮೂರನೆಯದಾಗಿ, ಅದು ತಂದೆಯನ್ನು ಬಿಡಕೂಡದು. ಎಲ್ಲ ಸಭೆಗಳೂ ತಾಯಂದಿರ ಸಭೆಗಳೇ. ಮಗಳ ಓದನ್ನು ನಿಲ್ಲಿಸುವ ಮಾತಿನಲ್ಲಿ, ಮದುವೆಯ ಮಾತಿನಲ್ಲಿ ಕೊನೆಯ ಮಾತು ತಂದೆಯದು. ಬುದ್ಧಿ ಹೇಳಿಸಿಕೊಳ್ಳುವವಳು ಮಾತ್ರ ತಾಯಿ. ಇದು ಹೇಗೆ ಸರಿ? ಮೂಟೆ ಹೊರುವವರ ಅಂಗಳದಲ್ಲಿ, ಚಹಾದ ಅಂಗಡಿಯ ಬೆಂಚಿನ ಮೇಲೆ ಮಕ್ಕಳ ಮಾತು ಬರಬೇಕು. ನಮ್ಮ ತಂದೆಯವರು ನನ್ನ ಅಂಕಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಲೆಕ್ಕ ಬರೆಯುವ ಗುಮಾಸ್ತರಿಂದ ಓದಿಸಿಕೊಂಡು ಬರುತ್ತಿದ್ದರು. ಆಸಕ್ತಿ ಇಲ್ಲದವರು ಹಾಗೆ ಮಾಡುವರೇ? ಅವರನ್ನು ಯಾವ ಸಭೆಗೂ ಯಾರೂ ಕರೆಯಲಿಲ್ಲ, ಅಷ್ಟೆ.

ನಾಲ್ಕನೆಯದಾಗಿ, ಅದು ಕೈಗೆ ಸಿಕ್ಕುವಂತಹುದಾಗಿರಬೇಕು. "ಮಕ್ಕಳೇ ದೇಶದ ಸಂಪತ್ತು" ಎಂಬ ಭಾಷಣದಿಂದ ಹೊಟ್ಟೆ ತುಂಬದು. ಯಾವ ಅರ್ಜಿ, ಯಾವ ತಾರೀಖು, ಯಾವ ಕಾಗದ. ಜಾತಿ ಮತ್ತು ಆದಾಯದ ಪ್ರಮಾಣಪತ್ರವನ್ನು ಎಲ್ಲಿ ಮಾಡಿಸಬೇಕು. ಚುಚ್ಚುಮದ್ದು ಯಾವ ತಿಂಗಳು. ಆರು ತಿಂಗಳು ತುಂಬಿದ ಕೂಸಿಗೆ ಎದೆಹಾಲಿನ ಜೊತೆಗೆ ಏನು ಉಣಿಸಬೇಕು. ಹದಿನೆಂಟರೊಳಗಿನ ಮದುವೆಗೆ 2006ರ ಕಾಯಿದೆ ಏನು ಹೇಳುತ್ತದೆ. ಹೆಬ್ಬೆಟ್ಟು ಒತ್ತುವುದಕ್ಕೆ ಮುಂಚೆ "ಓದಿ ಹೇಳಿ" ಎಂದು ಕೇಳುವ ಹಕ್ಕು ತನಗುಂಟು. ಇಷ್ಟು ತಿಳಿದರೆ ಒಂದು ಮನೆಯ ದಿಕ್ಕೇ ಬದಲಾದೀತು.

ಈಗ ನಮ್ಮ ಕಾಲೇಜಿನ ಮಾತಿಗೆ ಬರುತ್ತೇನೆ. ಪ್ರತಿವರ್ಷವೂ ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ ಒಂದು ಹಳ್ಳಿಯಲ್ಲಿ ಏಳು ದಿನ ನಡೆಯುವುದು. 1969ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, ಆರಂಭವಾದ ಈ ಯೋಜನೆಯಲ್ಲಿ ನಾವು ಬೀದಿ ಗುಡಿಸುತ್ತೇವೆ, ಗಿಡ ನೆಡುತ್ತೇವೆ, ರಾತ್ರಿ ನಾಟಕವಾಡುತ್ತೇವೆ. ಒಳ್ಳೆಯದೇ. ಆದರೆ ನಾವು ಹೊರಟುಬಂದ ಮೇಲೆ ಬೀದಿಯಲ್ಲಿ ಕಸ ಮತ್ತೆ ಸೇರುತ್ತದೆ. ಅದಕ್ಕೆ ಬದಲಾಗಿ ಆ ಏಳು ಸಂಜೆಗಳಲ್ಲಿ ಮನೆಗಿಬ್ಬರಂತೆ ಹೋಗಿ ಕುಳಿತು, ಆ ಮನೆಯ ಮಕ್ಕಳಿಗೆ ಮುಂದಿನ ವರ್ಷ ಏನೇನು ಸಲ್ಲತಕ್ಕದ್ದೆಂಬುದನ್ನು ಹೇಳಿ, ಅರ್ಜಿಯನ್ನು ಬರೆದುಕೊಟ್ಟು ಬಂದರೆ? ಅದಕ್ಕೆ ಹಣ ಬೇಡ. ಈ ಕಾಲೇಜಿನಲ್ಲಿ ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬದಿರುವವರು ಯಾರಿದ್ದೇವೆ? ನಮಗೆ ಸೋತು ಸೋತು ಬಂದಿರುವ ಈ ವಿದ್ಯೆ ಪಠ್ಯಪುಸ್ತಕದಲ್ಲಿಲ್ಲ. ಇದನ್ನು ಹಂಚುವುದಕ್ಕೆ ನಮಗಿಂತ ಯೋಗ್ಯರು ಬೇರೆ ಯಾರೂ ಇಲ್ಲ. ಅಧ್ಯಾಪಕ ವರ್ಗದವರು ಈ ಸಲಹೆಯನ್ನು ಪರಿಶೀಲಿಸಬೇಕೆಂದು ವಿನಯಪೂರ್ವಕವಾಗಿ ಬೇಡುತ್ತೇನೆ.

ಶಿಬಿರಕ್ಕೂ ಕಾಯಬೇಕಾಗಿಲ್ಲ. ಸ್ನೇಹಿತರೆ, ನಮ್ಮಲ್ಲಿ ಎಷ್ಟು ಜನ ನಮ್ಮ ತಂದೆತಾಯಿಗಳಿಗೆ ನಾವು ಓದುತ್ತಿರುವುದೇನೆಂದು ಹೇಳಿದ್ದೇವೆ? ನನ್ನನ್ನೇ ನಾನು ಕೇಳಿಕೊಳ್ಳುತ್ತೇನೆ. ವಿದ್ಯಾರ್ಥಿನಿಲಯದಿಂದ ಮನೆಗೆ ಹೋದಾಗ ಅವ್ವ, "ಏನೇನ್ ಓದ್ದೆ, ನನಗೂ ಒಸಿ ಹೇಳು" ಎಂದರೆ, "ನಿನಗೆ ತಿಳಿಯಲ್ಲ ಬಿಡವ್ವಾ" ಎಂದು ಎಷ್ಟೋ ಸಲ ಹೇಳಿದ್ದೇನೆ. ನಡಾವಳಿ ಪುಸ್ತಕ ತಂದ ಹುಡುಗ ಹೇಳದೆ ಹೇಳಿದ್ದೂ ಇದೇ ಮಾತಲ್ಲವೆ? ಅವನು ಅರಿಯದ ಹುಡುಗ, ನಾನು ಬಿ.ಎ. ಓದುತ್ತಿರುವವಳು. ಅನ್ಯರ ತಪ್ಪನ್ನು ಎತ್ತಿತೋರಿಸುವ ಮೊದಲು ಈ ತಪ್ಪನ್ನು ಒಪ್ಪಿಕೊಳ್ಳುವುದು ನನ್ನ ಧರ್ಮ.

ಅಕ್ಕನಿಗೆ ಈಗ ನಾಲ್ಕು ವರ್ಷದ ಮಗಳಿರುವಳು. ಕಳೆದ ದೀಪಾವಳಿಗೆ ಊರಿಗೆ ಬಂದಾಗ ಅಕ್ಕ ಅಂಗನವಾಡಿಯಿಂದ ತಂದ ಕಾಗದವೊಂದನ್ನು ನನ್ನ ಮುಂದೆ ಹಿಡಿದು, ಬೆಳವಣಿಗೆಯ ಗೆರೆಯನ್ನು ಹೇಗೆ ನೋಡುವುದೆಂದು ಕೇಳಿದಳು. ಓದನ್ನು ಬಿಟ್ಟು ಹನ್ನೆರಡು ವರ್ಷವಾಗಿದ್ದರೂ ಅವಳು ಅದನ್ನು ತಿಳಿದುಕೊಂಡುದು ಒಂದೇ ಸಲಕ್ಕೆ. ಪಕ್ಕದಲ್ಲಿ ಕುಳಿತಿದ್ದ ಅವ್ವನಿಗೆ ಅವಳೇ ಅದನ್ನು ವಿವರಿಸಿದಳು. ಆಮೇಲೆ, "ಎಂಟನೇ ಕ್ಲಾಸಿಗೆ ಹಾಸ್ಟೆಲ್ ಅರ್ಜಿ ಯಾವ ತಿಂಗಳು ಹಾಕ್ಬೇಕು, ಈಗಲೇ ಬರ್ಕೊಡು, ಗೋಡೆ ಮೇಲೆ ಅಂಟಿಸ್ತೀನಿ" ಎಂದಳು. ಮಗು ಎಂಟನೆಯ ತರಗತಿಗೆ ಬರಲು ಇನ್ನೂ ಒಂಬತ್ತು ವರ್ಷವಿದೆ ಎಂದು ನಾನು ನಕ್ಕೆ. ಅಕ್ಕ ನಗಲಿಲ್ಲ. ನಾನು ಬರೆದುಕೊಟ್ಟೆ.